ಮೂರು ಬೆರಳಿನ ಹಿಡಿ

ಗ್ಯಾರೇಜಿನ ಹರಾಜಿನಲ್ಲಿ ಸಿಕ್ಕಿದ್ದು, ನಲವತ್ತು ಡಾಲರಿಗೆ:
ಜೇನುಬಣ್ಣದ ಫೈಬರ್‌ಗ್ಲಾಸ್ ಗಾಳದ ಕೋಲು, ಏಳಡಿ,
ಎರಡು ತುಂಡು, ಬಟ್ಟೆಯ ಚೀಲ,
ಚೀಲಕ್ಕೆ ಇಲಿ ಕಡಿದ ಕಿಟಕಿ.
ಇಷ್ಟು ಅಗ್ಗ ಯಾಕಪ್ಪ ಅಂದರೆ
ಮಾರುವ ಹುಡುಗ ತುಟಿ ಸೊಟ್ಟ ಮಾಡಿ ಹೇಳಿದ:
"ಹಿಡಿ ಸೊಟ್ಟ."

ಸೊಟ್ಟವೇ. ಬೆಂಡಿನ ಬಿಲ್ಲೆ ಒಂದರ ಮೇಲೊಂದು ಅಂಟಿಸಿ
ಅರ ಹಾಕಿ ತೀಡಿದ ಹಿಡಿಯಲ್ಲಿ
ಹೆಬ್ಬೆರಳಿಗೊಂದು ತಗ್ಗು, ತೋರುಬೆರಳಿಗೊಂದು,
ನಡುಬೆರಳಿಗೊಂದು. ಆಮೇಲೆ ಗುಡ್ಡ.
ಉಳಿದೆರಡು ಬೆರಳಿರಬೇಕಾದ ಕಡೆ
ಅಂಗೈಗೆ ಆತುಕೊಳ್ಳುವ ಉಬ್ಬು.
ಐದು ಬೆರಳೂ ಒಂದೇ ಸಮ ಇರುತ್ತವೆಯೇ ಅನ್ನುತ್ತಾರಲ್ಲ,
ಇಲ್ಲಿ ಐದೇ ಇರಲಿಲ್ಲ.

ವಾರ್ನಿಷ್ಷಿನ ಅಡಿಗೆ ಕಪ್ಪು ಶಾಯಿ, ಇರುವೆ ನಡೆದಂಥ ಅಕ್ಷರ:
ಉರ್ಹೊ ರೌತಿಯೊನಿಗೆ. ನಾಲ್ಕನೇ ನಂಬರ್ ದಾರ.
ಕಟ್ಟಿದವಳು ಲೆಂಪಿ.

ನನ್ನ ಹತ್ತಿರ ಇನ್ನೊಂದಿದೆ, ಗ್ರಾಫೈಟು.
ಒಂಬತ್ತಡಿ, ಬೂದಿಬಣ್ಣ, ಹಿಡಿದರೆ ಹಿಡಿದ ಹಾಗೇ ಇಲ್ಲ.
ಸುಪೀರಿಯರ್ ಸರೋವರದ ಗಾಳಿಯನ್ನೇ ಸೀಳುತ್ತದೆ,
ನಾನು ಅಂದುಕೊಳ್ಳುವ ಮುಂಚೆ ಎಸೆದುಬಿಟ್ಟಿರುತ್ತದೆ.
ಒಂದು ಚಳಿಗಾಲ, ಶಾಲೆಗೆ ರಜೆ, ನನ್ನ ಬಸ್ಸು ಹಿಮದೊಳಗೆ,
ಅದರ ಅಂಗಡಿನೂಲು ಬಿಚ್ಚಿ ಹೊಸದಾಗಿ ಸುತ್ತಿದೆ,
ನೇರಳೆ ರೇಷ್ಮೆ, ಅಂಚಿಗೆ ನಾಲ್ಕೆಳೆ ಕಿತ್ತಳೆ.
ಎಪಾಕ್ಸಿ ಒಣಗಿತೇ ಎಂದು ಮುಟ್ಟಿ ನೋಡಿದೆ.
ಒಣಗಿರಲಿಲ್ಲ.
ಮೂರನೆಯ ಬಳೆಯ ಬುಡದಲ್ಲಿ ಇವತ್ತಿಗೂ ಇದೆ
ನನ್ನ ಹೆಬ್ಬೆಟ್ಟು, ಕ್ರಯಪತ್ರಕ್ಕೆ ಒತ್ತಿದಷ್ಟು ಸ್ಪಷ್ಟ.

ಲೆಂಪಿಗೆ ಈಗ ಎಂಬತ್ತೇಳು. ಮುಚ್ಚಿದ ತಾಮ್ರದ ಗಣಿಯ ಹಿಂದೆ,
ಸೌನಾಕ್ಕೆ ಒರಗಿಕೊಂಡ ಶೆಡ್ಡಿನಲ್ಲಿ
ಕೋಳಿ ಸುಡುವ ಹಳೆಯ ಮೋಟಾರೊಂದು
ಯಾರದೋ ಕೋಲನ್ನು ಮೆಲ್ಲಗೆ ಹೊರಳಿಸುತ್ತಿತ್ತು,
ವಾರ್ನಿಷ್ ಒಂದೇ ಮಗ್ಗುಲಿಗೆ ಇಳಿಯದ ಹಾಗೆ.
"ಹಿಡಿ ಬದಲಿಸಿಕೊಡಿ, ಎಷ್ಟಾದರೂ ಆಗಲಿ" ಅಂದೆ.
ಕನ್ನಡಕ ಹಣೆಗೇರಿಸಿ ಕೋಲನ್ನಲ್ಲ,
ನನ್ನ ಕೈಯನ್ನು ನೋಡಿದಳು.

"ಉರ್ಹೊ ಮರಕೊಯ್ಯುವ ಮಿಲ್ಲಿನವನು. ಎರಡು ಬೆರಳು ಅಲ್ಲೇ ಬಿಟ್ಟು ಬಂದ.
ಮೇಣದ ಮುದ್ದೆ ಹಿಡಿಸಿ ಅಚ್ಚು ತೆಗೆದೆ.
ಹನ್ನೊಂದು ಸಲ ಬಂದ, ಹನ್ನೊಂದು ಸಲ ತೀಡಿದೆ,
ಇನ್ನೂ ಚೂರು, ಇನ್ನೂ ಚೂರು ಅನ್ನುತ್ತಿದ್ದ.
ಹನ್ನೆರಡನೆಯ ಸಲ ಏನೂ ಅನ್ನಲಿಲ್ಲ.
ಸೀದಾ ಹೊಳೆಗೆ ಹೋದ. ದುಡ್ಡೂ ಕೊಡಲಿಲ್ಲ."
ನಕ್ಕಳು. ಯಾವುದಕ್ಕೆಂದು ನಾನು ಕೇಳಲಿಲ್ಲ.
ಡ್ರಾಯರಿನಿಂದ ಮರಳುಕಾಗದ ತೆಗೆದು ಮುಂದಿಟ್ಟಳು.
"ಕೋಲು ಈಗ ನಿನ್ನದು, ತೀಡಿಕೋ.
ನಾನು ಮಾತ್ರ ಮುಟ್ಟುವುದಿಲ್ಲ."

ಮೇ ತಿಂಗಳ ಸಂಜೆ. ಕಿವಿಯ ಸುತ್ತ ನುಸಿ,
ತೊರೆಗೆ ಹಾಲು ಹಾಕದ ಚಹಾದ ಬಣ್ಣ.
ಕಾಗದ ಜೇಬಿನಲ್ಲೇ ಇತ್ತು.
ಎರಡು ಬೆರಳು ಮಡಿಸಿ ಅಂಗೈಯೊಳಗೆ ಬಚ್ಚಿಟ್ಟುಕೊಂಡು
ಗರಿ ಕಟ್ಟಿದ ಸುಳ್ಳು ನೊಣವನ್ನು ಎಸೆದೆ.
ಆಲ್ಡರ್ ಪೊದೆಗೆ ಸಿಕ್ಕಿತು. ಬಿಡಿಸಿದೆ. ಎಸೆದೆ. ಪೊದೆ.
ಗಾಜಿನ ಕೋಲಿಗೆ ಅವಸರ ತಿಳಿಯದು,
ಬೆನ್ನ ಹಿಂದೆ ಹೋದ ದಾರ ಪೂರಾ ನೆಟ್ಟಗಾಗುವ ತನಕ
ಬುಡದವರೆಗೆ ಬಾಗಿಕೊಂಡು ಕಾಯುತ್ತದೆ,
ಎದುರಿನವರು ಮಾತು ಮುಗಿಸಲಿ ಎಂದು ಸುಮ್ಮನಿರುವವರ ಹಾಗೆ.
ನನಗೆಲ್ಲಿ ಆ ಅಭ್ಯಾಸ?
ನಲವತ್ತು ಮಕ್ಕಳ ಬಸ್ಸು ಓಡಿಸುವವಳು.

ಕತ್ತಲಾಗುವ ಹೊತ್ತಿಗೆ ಒಮ್ಮೆ ಕಾದೆ.
ಗೇಣುದ್ದದ ಟ್ರೌಟು, ಅಷ್ಟಕ್ಕೇ ಕೋಲು ಹಿಡಿಯವರೆಗೂ ಬಳುಕಿ
ಉಬ್ಬು ಅಂಗೈಯನ್ನು ಒತ್ತಿತು.
ಗುರುತಿಲ್ಲದವರ ಕೈ ಕುಲುಕಿದಾಗ ಆಗುವಂಥ
ಸಣ್ಣ ಮುಜುಗರ.

ಮುಂದಿನ ವಾರ ತೀಡುತ್ತೇನೆ ಎಂದು ಗಂಡನಿಗೆ ಹೇಳಿದ್ದೇನೆ.
ಸೋಮವಾರ ಬೆಳಿಗ್ಗೆ ಮುಂದಿನ ಸೀಟಿನ ಹುಡುಗಿ,
ಹಲ್ಲುದುರಿದ ಬಾಯಿ ಅಗಲಿಸಿ
ಸ್ಟೀರಿಂಗಿನ ಮೇಲಿನ ನನ್ನ ಕೈ ನೋಡುತ್ತಿದ್ದವಳು
ಕೇಳಿದಳು:
ಆ ಎರಡು ಬೆರಳಿಗೆ ಏನಾಯಿತು?