ಏನೂ ಹಾಕದ ಸೀಸೆ

ಕಕ್ಕಡ ಹುಟ್ಟಿದ ದಿನದಿಂದ ದಿನಕ್ಕೊಂದರಂತೆ
ಮದ್ದುಗಳು ಬಂದು ಈ ಸೊಪ್ಪಿನಲ್ಲಿ ಸೇರಿಕೊಳ್ಳುತ್ತವಂತೆ.
ಹದಿನೆಂಟರಂದು ಮನೆ ಭರ್ತಿ.
ಅವತ್ತು ಪಾಯಸ, ಅವತ್ತು ಪುಟ್ಟು,
ಮರುದಿನ ಬಚ್ಚಲಿಗೆ ಹೋದವರೆಲ್ಲ
ಕೆಂಪು ಕಂಡು ನಗುತ್ತ ಬರುತ್ತಾರೆ.
ಹತ್ತೊಂಬತ್ತಕ್ಕೆ ಆ ಮದ್ದುಗಳು ಎಲ್ಲಿಗೆ ಹೊರಟವು?
ಯಾರೂ ಕೇಳುವುದಿಲ್ಲ.
ಕೇಳುವುದಕ್ಕೆಂದೇ ನನಗೆ ಸಂಬಳ.

ಪೊನ್ನಂಪೇಟೆ. ಕೆಳಗೆ ಪಂಚರ್ ಅಂಗಡಿ, ಮೇಲೆ ನಮ್ಮ ಲ್ಯಾಬು.
ಕರೆಂಟು ಹೋದರೆ ಯುಪಿಎಸ್ ಮಗುವಿನ ಹಾಗೆ ಕೂಗುತ್ತದೆ.
ಬೊಳಚಿ ಮೂರು ಸಲ ಬಂದಳು:
ಒಂದರಂದು, ಹದಿನೆಂಟರಂದು, ತಿಂಗಳ ಕೊನೆಗೆ.
ಜಿಗಣೆಗೆಂದು ಸುಣ್ಣ ಸವರಿದ ಕಾಲು,
ಕೂವೆ ಎಲೆಯೊಳಗೆ ಸುತ್ತಿದ ಸೊಪ್ಪು.
ಯಂತ್ರದ ಸುತ್ತ ಒಂದು ಸುತ್ತು ಬಂದು ಕೇಳಿದಳು,
'ಇದು ತಿಂದು ಹೇಳುತ್ತದೋ, ಮೂಸಿ ಹೇಳುತ್ತದೋ?'

ತಿನ್ನುವುದಿಲ್ಲ, ಓಡಿಸುತ್ತದೆ, ಅಂದೆ.
ಕಡ್ಡಿಯಷ್ಟು ಸಪೂರ ಕೊಳವೆ, ಒಳಗೆ ಬಿಗಿಯಾಗಿ ತುಂಬಿದ ಪುಡಿ.
ಮದುವೆಮನೆಯ ನೆಂಟರಿದ್ದ ಹಾಗೆ:
ಉಂಡ ಕೈ ಒರೆಸಿಕೊಂಡು ಹೊರಡುವವರು ಕೆಲವರು,
ಕಂಬಕಂಬಕ್ಕೂ ಆತು ನಿಂತು, ಮಾತು ಮುಗಿಯದೆ
ಕತ್ತಲಾದ ಮೇಲೆ ಹೊರಡುವವರು ಕೆಲವರು.
ಬಾಗಿಲಲ್ಲಿ ನಾವು ಗಡಿಯಾರ ಹಿಡಿದು ಕೂತಿರುತ್ತೇವೆ.

'ಹಾಗಾದರೆ' ಅಂದಳು,
'ಹೋಗಲು ಮನಸ್ಸಿಲ್ಲದವರನ್ನು ಹಿಡಿದು ಕೇಳು.'

ಒಂದರ ಸೊಪ್ಪಿನಲ್ಲಿ ನಲವತ್ತೊಂದು ಗೆರೆ ಎದ್ದವು.
ಹದಿನೆಂಟರದ್ದರಲ್ಲೂ ನಲವತ್ತೊಂದು.
ಕೊನೆಯದರಲ್ಲೂ.
ಯಾರೂ ಬಂದಿರಲಿಲ್ಲ, ಯಾರೂ ಹೋಗಿರಲಿಲ್ಲ;
ಕೆಲವರು ಕೂತಿದ್ದರು, ಕೆಲವರು ಎದ್ದು ನಿಂತಿದ್ದರು, ಅಷ್ಟೆ.

ಪಾಲು ಮಾಡಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು
ಗೋಣಿಕೊಪ್ಪದ ಬಸ್ಸಿಗೆ ಹತ್ತಿಸಿದೆವು.
ದೂರದ ಲ್ಯಾಬಿನವರು ತಟ್ಟೆಯಲ್ಲಿ ಜೀವಕೋಶ ಬೆಳೆದು,
ಅದರ ಮೇಲೆ ವೈರಸ್ ಬಿಟ್ಟು,
ವೈರಸ್ಸಿನ ಮೇಲೆ ನಮ್ಮ ಸೊಪ್ಪನ್ನು ಬಿಟ್ಟರು.
ಫೋನ್ ಬಂತು: ಹನ್ನೊಂದನೆಯ ಪಾಲು ತಡೆದಿದೆ.
ಅದರಲ್ಲೊಂದು ಗೆರೆ ಕಾಗದ ದಾಟುವಷ್ಟು ಎತ್ತರ.
ಮುತ್ತಕ್ಕಿ ಮೇಡಂ ಪಂಚರ್ ಅಂಗಡಿಯವನಿಗೂ ಪರೋಟ ಕೊಡಿಸಿದರು.

ಆ ರಾತ್ರಿ ನಾನೊಬ್ಬಳೇ.
ಮಾಡಲೇಬೇಕಿದ್ದು, ಅವಸರದಲ್ಲಿ ಬಿಟ್ಟದ್ದು ಒಂದಿತ್ತು.
ಏನೂ ಹಾಕದ ಸೀಸೆ.
ಸೊಪ್ಪಿಲ್ಲ, ಮದ್ದಿಲ್ಲ, ಬರೀ ಮೆಥನಾಲು.
ಹನ್ನೊಂದು ನಿಮಿಷಕ್ಕೆ
ಅದೇ ಗೆರೆ ಎದ್ದು ನಿಂತಿತು,
ಅಷ್ಟೇ ಎತ್ತರ, ಅಷ್ಟೇ ಗತ್ತು.

ಮೆಥನಾಲನ್ನು ತುಂಬಿಟ್ಟಿದ್ದ ಪ್ಲಾಸ್ಟಿಕ್ ಬಾಟಲಿ
ತನ್ನನ್ನೇ ಚೂರುಚೂರು ಕರಗಿಸಿ ನಮಗೆ ಉಣ್ಣಿಸಿತ್ತು.

ಫೋನ್ ಮಾಡಿದೆ.
ಮೇಡಂ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, 'ನಂಬರ್ ಹಾಕಿ ಬರೆದಿಟ್ಟೆಯಾ?
ಅಳಿಸಬೇಡ.'

ಗಾಜು ತೊಳೆದು, ಒಣಗಿಸಿ, ಮತ್ತೆ ಮೊದಲಿನಿಂದ.
ಈ ಸಲ ಹದಿನಾಲ್ಕನೆಯ ನಿಮಿಷದಲ್ಲಿ
ಒಂದು ಸಣ್ಣ ದಿಬ್ಬ, ಹೆಸರಿಲ್ಲದ್ದು,
ಇಷ್ಟು ದಿನ ದೊಡ್ಡವನ ಮಗ್ಗುಲಲ್ಲಿ ಕಾಣದೆ ಕೂತಿದ್ದದ್ದು.
ವೈರಸ್ ಸ್ವಲ್ಪ ಹಿಂಜರಿಯಿತಂತೆ.
ಹೆಚ್ಚು ಹಾಕಿದರೆ ಜೀವಕೋಶವೂ ಸುಸ್ತಾಯಿತಂತೆ.
ಹೌದು ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ.
ಮದ್ದು ಅನ್ನಲು ಇನ್ನೂ ಎಷ್ಟು ವರ್ಷವೋ.
ಬೆಳಕಿಗೆ ಹಿಡಿದು ನೋಡಿದೆವು: ಆ ದಿಬ್ಬ ಹೆಚ್ಚು ಎದ್ದದ್ದು
ಹದಿನೆಂಟರದ್ದರಲ್ಲಲ್ಲ,
ತಿಂಗಳ ಕೊನೆಯ ಸೊಪ್ಪಿನಲ್ಲಿ.

ಬೊಳಚಿಗೆ ತೋರಿಸಿದೆ.
ಅವಳಿಗೇನೂ ಆಶ್ಚರ್ಯವಾಗಲಿಲ್ಲ.
'ಹದಿನೆಂಟಕ್ಕೆ ನಮಗೆಲ್ಲಿ ಸಿಗುತ್ತಿತ್ತು?
ಎಲ್ಲ ತೋಟದ ಮನೆಗೆ ಕೊಯ್ದು ಕೊಡುವುದು.
ಆಮೇಲೆ ಚಿಗುರಿದ್ದು ನಮ್ಮದು.
ನನ್ನ ಅವ್ವ ಕೊನೆಯ ವಾರವೇ ಬೇಯಿಸುತ್ತಿದ್ದಳು,
ಜ್ವರ ಬಂದವರಿಗೆ ಮೊದಲು.'

ನೋಟ್‌ಬುಕ್ ತೆರೆದೆ.
ಸಂಗ್ರಹಿಸಿದವರು ಎಂಬಲ್ಲಿ ಮೂರು ಸಲವೂ
ನನ್ನದೇ ಅಕ್ಷರದಲ್ಲಿ: ಕೂಲಿ.
ಒಂದು ಗೆರೆ ಎಳೆದು, ಪಕ್ಕದಲ್ಲಿ ಹೆಸರು ಬರೆಯುವಾಗ
ಸೊಪ್ಪು ಕಿವುಚಿದ ಬೆರಳು ತಾಗಿ
ಪುಟದ ಮೇಲೆ ನೇರಳೆ ಕಲೆ.
ಅದಕ್ಕೂ ಒಂದು ನಂಬರ್ ಹಾಕಿದೆ.