ಬೆಳ್ತಿಗೆ

ನನ್ನ ಹೆಸರು ಸುಗಂಧಿ. ನಗಬೇಡಿ.
ಮೂವತ್ತೊಂದು ವರ್ಷ ಸ್ಟೇಟ್‌ಬ್ಯಾಂಕ್ ಹತ್ತಿರ ಮೀನು ಮಾರಿದವಳು.
ಬಂಗುಡೆಯ ಕಿವಿರು ಎತ್ತಿ ನೋಡಿದರೆ ಸಾಕು,
ಯಾವ ದಿನದ್ದು ಅಂತ ಹೇಳುತ್ತೇನೆ.
ಮೊಮ್ಮಗನ ಬಾಯಿ ಮಾತ್ರ
ನನಗೆ ಓದಲಿಕ್ಕೆ ಬರಲಿಲ್ಲ.

ಅವನಿಗೆ ಏಳು. ತನ್ವಿತ್.
ಬೆಳ್ತಿಗೆ ಅನ್ನ, ಬರೇ ಅನ್ನ.
ನೀರುದೋಸೆ, ಮಡಚದೆ, ತೂತು ಮೇಲೆ ಕಾಣುವ ಹಾಗೆ.
ಒಂದು ಕಂಪೆನಿಯ ಬಿಸ್ಕತ್ತು, ತುಂಡಾದದ್ದು ಆಗುವುದಿಲ್ಲ.
ಮುಗಿಯಿತು.
ಕುಚ್ಚಲಕ್ಕಿಯ ಕೆಂಪು ಅಗುಳು ಒಂದು
ತಟ್ಟೆಗೆ ಜಾರಿ ಬಿದ್ದರೂ
ಕಿವಿ ಮುಚ್ಚಿಕೊಳ್ಳುತ್ತಾನೆ,
ಅಗುಳಿಗೆ ಶಬ್ದ ಉಂಟೋ ಎಂಬಂತೆ.

ಬಿಸ್ಕತ್ತಿನವರು ಒಮ್ಮೆ ಕಾಗದದ ಬಣ್ಣ ಬದಲಿಸಿದರು.
ಹನ್ನೊಂದು ದಿನ ಮುಟ್ಟಲಿಲ್ಲ.
ಮಗಳು ಹಳೇ ಕಾಗದ ಒರೆಸಿ
ಹೊಸ ಬಿಸ್ಕತ್ತು ಅದರಲ್ಲಿ ಸುತ್ತಿ
ಮೇಣದಬತ್ತಿಯಲ್ಲಿ ಅಂಚು ಅಂಟಿಸಿದಳು.
ತಿಂದ. ಗೊತ್ತಾಗದೆಯೋ, ಗೊತ್ತಾಗಿಯೋ.

ಹಸಿದರೆ ತಿಂತಾನೆ ಬಿಡು
ಅಂತ ಹೇಳಿದವಳು ನಾನೇ.
ಒಂದು ಆದಿತ್ಯವಾರ, ಮಗಳು ಇಲ್ಲದ ಹೊತ್ತು,
ಮೂಗು ಒತ್ತಿ ಹಿಡಿದು
ಗಂಜಿ ಸುರಿದವಳೂ ನಾನೇ.
ಅವನು ಅಳಲಿಲ್ಲ. ಅದೇ ಹೆದರಿಕೆ.
ನೆಲದ ಮೇಲೆ ವಾಂತಿ, ಅದರ ಮೇಲೆ ಅವನು.
ಮತ್ತೆ ಮೂರು ದಿನ
ನನ್ನ ಕೈಯಿಂದ ನೀರು ಕೂಡ ಬೇಡ.

ಕಂಕನಾಡಿಯ ಟೀಚರ್ ಬೈಯಲಿಲ್ಲ.
ಬೈದಿದ್ದರೆ ಜಗಳ ಮಾಡಿ ಎದ್ದು ಬರಬಹುದಿತ್ತು.
‘ಹಟ ಅಲ್ಲ ಅಜ್ಜಿ,
ನಿಮಗೆ ಚೂರೇ ಚೂರು ಬರುವ ವಾಸನೆ
ಅವನಿಗೆ ಸೈರನ್ನು.
ತಿನ್ನು ಅನ್ನಬೇಡಿ. ಹತ್ತಿರ ಇರಲಿ, ಸಾಕು.
ಅವನ ತಟ್ಟೆಯಲ್ಲಿ ಅವನದ್ದು ಇದ್ದೇ ಇರಲಿ.’
ಎಷ್ಟು ದಿನ ಅಂತ ಕೇಳಿದೆ.
ಎಣಿಸಬೇಡಿ ಅಂದಳು.
ಎಣಿಸದೆ ಮೀನು ಮಾರಿದವರುಂಟಾ?

ಈಗ ಬೋಟಿನಲ್ಲಿ ಬೆಂಗ್ರೆಗೆ ದಾಟಿದ ಮೇಲೆ
ಸೀದಾ ಒಳಗೆ ಹೋಗುವುದಿಲ್ಲ.
ಬಾವಿಕಟ್ಟೆಯಲ್ಲಿ ಹುಣಸೆಹುಳಿ, ಲಿಂಬೆ, ಸಾಬೂನು,
ಮೊಣಕೈವರೆಗೆ.
ಸೀರೆ ಹೊರಗೆ. ನಾನೂ ಅರ್ಧ ಗಂಟೆ ಹೊರಗೆ.
ಮತ್ತೆ ಊಟಕ್ಕೆ ಕೂರುತ್ತೇವೆ, ಅವನು ಗೋಡೆಬದಿ.
ಒಂದು ಪಿಂಗಾಣಿ ಬಟ್ಟಲು, ಅದರಲ್ಲಿ
ಉಪ್ಪಿನಲ್ಲಿ ಬೇಯಿಸಿದ ಕಾಣೆ, ಮುಳ್ಳು ತೆಗೆದದ್ದು, ಬಿಳಿ.
ಮೊದಲ ತಿಂಗಳು ಅದು ಬಾಗಿಲ ಹತ್ತಿರ ಇತ್ತು,
ಆಮೇಲೆ ಚಾಪೆಯ ಅಂಚಿಗೆ ಬಂತು.
ಯಾರೂ ಅದರ ಮಾತೆತ್ತುವುದಿಲ್ಲ.
ನಾನು ಮಾರ್ಕೆಟಿನ ಸುದ್ದಿ ಹೇಳುತ್ತೇನೆ,
ಅಂಜಲ್‌ಗೆ ರೇಟು ಬಂದದ್ದು, ಐಸು ಬಾರದ್ದು.

ನಿನ್ನೆ ತೋರುಬೆರಳು ಚಾಚಿದ.
ಮುಟ್ಟಿದ. ಮೂಸಿದ.
ಚಡ್ಡಿಗೆ ಒರೆಸಿಕೊಂಡು
ಅನ್ನಕ್ಕೆ ತಿರುಗಿದ.

ಮಗಳು ನನ್ನ ತೊಡೆ ಚಿವುಟಿದಳು, ಬಾಯಿ ಬಿಡಬೇಡ ಅಂತ.
ಮೂವತ್ತೊಂದು ವರ್ಷ ಕೂಗಿ ಮಾರಿದ ಬಾಯಿ.
ಬಿಡಲಿಲ್ಲ.
ಸೊರ್ ಅನ್ನುವ ಸದ್ದೂ ಮಾಡದೆ
ನನ್ನ ಗಂಜಿ ಕುಡಿದೆ.
ಅಂಜಲಿನ ವಿಷಯ
ಎಲ್ಲಿಗೆ ಬಂದಿತ್ತು?