ಮೂರನೇ ಕುರ್ಚಿಯ ಪಾತ್ರದಲ್ಲಿ

ಸೋಮವಾರ, ಬುಧವಾರ, ಶುಕ್ರವಾರ. ಹನ್ನೆರಡೂವರೆಗೆ
ಸೂಜಿ ಚುಚ್ಚುವವನು ನಾನು. ಓಹಾಯೋದ ಅಕ್ರಾನ್,
ಬೇಕರಿಯ ಪಕ್ಕದ ಡಯಾಲಿಸಿಸ್ ಕೇಂದ್ರ;
ಬಾಗಿಲು ತೆರೆದಾಗಲೆಲ್ಲ ಬ್ರೆಡ್ಡಿನ ಘಮ, ಅದರ ಬೆನ್ನಿಗೇ ಬ್ಲೀಚು.
ರಕ್ತ ಆಚೆ ಹೋಗುತ್ತದೆ, ಮಿಂದು
ತವರಿಂದ ಬಂದ ಹಾಗೆ ಒಳಗೆ ಬರುತ್ತದೆ.
ಆ ನಾಲ್ಕು ಗಂಟೆ ಏನು ಮಾಡುತ್ತಾರೆ ಮನುಷ್ಯರು?
ಇವರು ಲೆನೋರಾಳ ಮಾತಾಡುತ್ತಾರೆ.

ಲೆನೋರಾ ಥಾರ್ನ್. ಏಳು ಮದುವೆ, ಎರಡು ಸಾವು,
ಒಬ್ಬಳು ಅವಳಿ ತಂಗಿ, ಅದೂ ಅವಳೇ.
ಮೂವತ್ತೊಂದು ವರ್ಷ, ವಾರಕ್ಕೆ ಐದು ಮಧ್ಯಾಹ್ನ ಬಂದ ಧಾರಾವಾಹಿ
ನಿಂತೇ ಹದಿನಾಲ್ಕು ವರ್ಷವಾಯಿತು.
ನಾನು ಒಂದು ಕಂತೂ ನೋಡಿದವನಲ್ಲ.
ಆದರೂ ನನ್ನ ಸೋದರತ್ತೆಯ ಸಂಸಾರಕ್ಕಿಂತ ಚೆನ್ನಾಗಿ ಗೊತ್ತು
ಯಾವ ಮಗು ಯಾರದ್ದು.

ಒಂದನೇ ಕುರ್ಚಿ ಒಡೆಸ್ಸಾ ಪ್ರುಯಿಟ್. ಲಾಂಡ್ರಿ ಅಂಗಡಿಯಲ್ಲಿ
ಪರರ ಅಂಗಿಗಳಿಗೆ ಇಸ್ತ್ರಿ ಹಾಕುತ್ತ ನೋಡಿದವಳು;
'ನನ್ನ ಕಥೆಗಳು' ಅನ್ನುತ್ತಾಳೆ, ನನ್ನ ಹೊಲ, ನನ್ನ ಮನೆ ಅಂದ ಹಾಗೆ.
ಎರಡನೆಯದು ಡೆಲ್ಬರ್ಟ್ ಹೇನ್ಸ್. ಟೈರು ಕಾರ್ಖಾನೆ, ರಾತ್ರಿಪಾಳಿ.
ಮಧ್ಯಾಹ್ನ ಎರಡಕ್ಕೆ ಎದ್ದರೆ ಹೆಂಡತಿಗಿಂತ ಮೊದಲು ಲೆನೋರಾಳ ಮುಖ.
ಜೊತೆಯವರಿಗೆ ಬಾಯಿಬಿಟ್ಟಿರಲಿಲ್ಲ.
ನಿವೃತ್ತಿಯ ದಿನ ತಿಳಿಯಿತಂತೆ, ಅರ್ಧ ಪಾಳಿ ಅದನ್ನೇ ನೋಡುತ್ತಿತ್ತು.
ಮೂರನೆಯದು ಬರ್ನಿಸ್ ಕೊವಾಲ್ಚಿಕ್, ಪತ್ರ ಬರೆದವಳು.

ಸೇತುವೆಯಿಂದ ಕಾರು ಬಿದ್ದ ಶುಕ್ರವಾರ, ಅಡುಗೆ ಹಾಗೇ ಬಿಟ್ಟು
ಬರಹಗಾರನಿಗೆ ನಾಲ್ಕು ಹಾಳೆ ಬರೆದಳಂತೆ:
'ಆಕೆಯನ್ನು ಕೊಲ್ಲಬೇಡಿ. ಕೆಟ್ಟವಳು, ಒಪ್ಪಿದೆ.
ಒಳ್ಳೆಯವರು ನಮ್ಮ ಬೀದಿ ತುಂಬ ಇದ್ದಾರೆ.'
ಉತ್ತರ ಬಂತು, ಟೈಪು ಮಾಡಿದ ಒಂದೇ ಸಾಲು:
'ಮೇಡಂ, ಕೊಂದದ್ದು ನಾನಲ್ಲ, ಆಕೆ ಸಂಬಳ ಹೆಚ್ಚು ಕೇಳಿದಳು.'
ಆ ಕಾರ್ಡು ಪ್ಲಾಸ್ಟಿಕ್ಕಿನೊಳಗೆ ಭದ್ರ, ಕೈಚೀಲದಲ್ಲಿ,
ವಿಮೆಯ ಕಾರ್ಡಿನ ಬೆನ್ನಿಗೆ.

ಎಂಟು ತಿಂಗಳಿಗೆ ಲೆನೋರಾ ನದಿಯಿಂದ ಎದ್ದು ಬಂದಳು.
ಬೇರೆ ಮೂಗು, ಬೇರೆ ನಡಿಗೆ. ತೆರೆಮರೆಯ ಗಂಡುದನಿ:
'ಇಂದಿನಿಂದ ಲೆನೋರಾ ಥಾರ್ನ್ ಪಾತ್ರದಲ್ಲಿ ಕ್ಯಾರಿಸ್ ವೆಲ್ಮನ್.'
ಅಷ್ಟೇ. ಊರಿಗೆ ಊರೇ ಗುರುತು ಹಿಡಿಯಿತು. ಗಂಡ ತಬ್ಬಿಕೊಂಡ.
ಒಡೆಸ್ಸಾ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ
ಟೀವಿಯನ್ನೇ ಕೇಳಿದಳಂತೆ: 'ನೀನ್ಯಾರೇ?'
ಇಪ್ಪತ್ತೆರಡು ವರ್ಷ ನೋಡಿದಳು ಎರಡನೆಯವಳನ್ನು. ಒಪ್ಪಲಿಲ್ಲ.
'ಮೊದಲಿನವಳು ಒಳಗೆ ಬಂದರೆ ಬಾಗಿಲಿಗೇ ಭಯ.'
'ಎರಡನೆಯವಳು ಅತ್ತರೆ ಮೂಗು ಕೆಂಪಾಗುತ್ತಿತ್ತು,' ಡೆಲ್ಬರ್ಟ್,
'ಅದನ್ನು ಯಾರೂ ಕಲಿಸೋಕಾಗಲ್ಲ.'
'ಇಬ್ಬರೂ ಬರೆದುಕೊಟ್ಟದ್ದನ್ನೇ ಆಡಿದ್ದು,' ಬರ್ನಿಸ್,
'ಜಗಳ ಇದ್ದರೆ ಆ ಒಂದು ಸಾಲಿನವನ ಹತ್ತಿರ ಆಡಿ.'

ಮಾರ್ಚಿಯ ಒಂದು ಬುಧವಾರ ಬರ್ನಿಸ್ ಬರಲಿಲ್ಲ.
ಶುಕ್ರವಾರವೂ.
ನಾವು ಏನೂ ಹೇಳುವಂತಿಲ್ಲ, ನಿಯಮ. ಅವರೂ ಕೇಳಲಿಲ್ಲ.
ಕುರ್ಚಿ ಒರೆಸಿದೆ. ರಿಮೋಟಿನ ಮೇಲೆ
ಅವಳ ಉಗುರುಬಣ್ಣದ ಗೀರು ಒಂದು ಹೋಗಲಿಲ್ಲ.
ಹೆಚ್ಚು ಉಜ್ಜಲೂ ಇಲ್ಲ ನಾನು.

ಮುಂದಿನ ವಾರ ಮೂರರಲ್ಲಿ ಲವಿನಿಯಾ ಬೆಕ್.
ನಲವತ್ತೈದಿರಬಹುದು. ಮೊದಲ ಸಲ; ಅಂಗೈ ಒದ್ದೆ.
ಡೆಲ್ಬರ್ಟ್ ಗಂಟಲು ಸರಿಮಾಡಿ, ಅದೇ ತೆರೆಮರೆಯ ದನಿಯಲ್ಲಿ:
'ಇಂದಿನಿಂದ ಮೂರನೇ ಕುರ್ಚಿಯ ಪಾತ್ರದಲ್ಲಿ...'
'ಬಾಯಿ ಮುಚ್ಚು,' ಒಡೆಸ್ಸಾ.

ಇಪ್ಪತ್ತು ನಿಮಿಷ ಪಂಪುಗಳೇ ಮಾತಾಡಿದವು.
ಆಮೇಲೆ ಚಾವಣಿ ನೋಡುತ್ತ, ಯಾರಿಗೋ ಎಂಬಂತೆ:
'ಕಾರ್ವರ್ಸ್ ಲ್ಯಾಂಡಿಂಗ್ ನೋಡ್ತಿದ್ದೆಯೇನೇ?'
'ಅಮ್ಮನ ಜೊತೆ. ಶಾಲೆ ಬಿಟ್ಟು ಬಂದು.'
'ಯಾವ ಲೆನೋರಾ?'

ಡೆಲ್ಬರ್ಟ್ ಕಣ್ಣು ಬಿಟ್ಟ. ನಾನು ಒಡೆಸ್ಸಾಗೆ ಬೆನ್ನು ಕೊಟ್ಟು
ಎದೆಯ ಹತ್ತಿರ ಒಂದು ಬೆರಳೆತ್ತಿದೆ: ಮೊದಲಿನವಳು ಅನ್ನು ತಾಯೀ.
ಅವಳು ಬೆರಳು ನೋಡಿದಳು. ಗ್ಲೌಸು ನೋಡಿದಳು. ನನ್ನ ಮುಖ ನೋಡಿದಳು.

'ಯಾಕೆ,' ಅಂದಳು, 'ಇಬ್ಬರಿದ್ದರಾ?'